ಜೋನಿಬೆಲ್ಲವನ್ನು ಕೈಚೀಲದಲ್ಲಿ ಒಯ್ಯಬಹುದೇ?

ಸಮವಸ್ತ್ರ ಕಳಚಿದ ಮೇಲೂ ಚೀಲ ನೋಡುವ ಚಾಳಿ ನನ್ನನ್ನು ಬಿಟ್ಟಿಲ್ಲ. ಮದುವೆ ಮನೆಗೆ ಯಾರಾದರೂ ಉಬ್ಬಿದ ಬ್ಯಾಗ್ ಹಿಡಿದು ಬಂದರೆ ಸ್ಟೀಲ್ ಡಬ್ಬಿ ಯಾವ ಮೂಲೆಯಲ್ಲಿದೆ, ಛತ್ರಿ ಯಾವ ಕಡೆಗಿದೆ ಎಂದು ಕಣ್ಣು ತಾನಾಗಿ ಹುಡುಕುತ್ತದೆ. ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ಯಂತ್ರದ ಮುಂದೆಯೂ, ಪರದೆ ಎಳೆದ ಮಹಿಳಾ ತಪಾಸಣಾ ಕೋಣೆಯಲ್ಲೂ ದುಡಿದವಳು ಎಂಬ ಕಾರಣಕ್ಕೆ ಸಂಪಾದಕರು ಈ ಬಾರಿಯ ಪತ್ರಗಳ ಕಟ್ಟನ್ನು ನನಗೆ ದಾಟಿಸಿದ್ದಾರೆ. ಹೆಚ್ಚಿನವು ತಿನ್ನುವ ವಸ್ತುಗಳ ಬಗ್ಗೆಯೇ ಇವೆ. ನಮ್ಮವರು ಪಾಸ್‌ಪೋರ್ಟ್ ಮರೆತಾರು, ಉಪ್ಪಿನಕಾಯಿ ಮರೆಯುವುದಿಲ್ಲ.

ಪ್ರಶ್ನೆ: ಜರ್ಮನಿಯಲ್ಲಿರುವ ಮಗಳ ಬಾಣಂತನಕ್ಕೆ ಹೊರಟಿದ್ದೆ. ಕೈಚೀಲದಲ್ಲಿ ಒಂದು ಡಬ್ಬಿ ಜೋನಿಬೆಲ್ಲ (ದ್ರವರೂಪದ ಬೆಲ್ಲ), ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ, ಮನೆಯಲ್ಲೇ ಕಾಯಿಸಿದ ತುಪ್ಪ ಇದ್ದವು. ತುಪ್ಪ ಗಟ್ಟಿಯಾಗಿತ್ತು, ಡಬ್ಬಿ ತಲೆಕೆಳಗು ಮಾಡಿದರೂ ಹರಿಯುತ್ತಿರಲಿಲ್ಲ. ಆದರೂ ಮೂರನ್ನೂ ತೆಗೆದಿಟ್ಟರು. ಇದು ಯಾವ ನ್ಯಾಯ ಮೇಡಂ?
– ಗೃಹಿಣಿ, ಶಿರಸಿ

ಉತ್ತರ: ಅಮ್ಮ, ನಿಮ್ಮ ಸಂಕಟ ನನಗೆ ಗೊತ್ತು. ಬೆಲ್ಟಿನ ಈಚೆ ಬದಿಯಲ್ಲಿ ನಿಂತು ಇಂಥ ಡಬ್ಬಿಗಳನ್ನು ತೆಗೆದಿಟ್ಟ ಕೈ ನನ್ನದೂ ಹೌದು. ಒಂದು ವರ್ಷ ಉಪ್ಪುನೀರಿನಲ್ಲಿ ಕೂತು ಹದವಾದ ಮಿಡಿಯನ್ನು ಕಸದ ಡಬ್ಬಿಗೆ ಹಾಕುವಾಗ ಯಾರಿಗೂ ಖುಷಿಯಾಗುವುದಿಲ್ಲ. ಆದರೂ ಆ ಸಿಬ್ಬಂದಿ ಮಾಡಿದ್ದು ಸರಿ.

ಹರಿಯುತ್ತದೆಯೋ ಇಲ್ಲವೋ ಎಂಬುದು ಅಲ್ಲಿನ ಲೆಕ್ಕವಲ್ಲ. ಬಳಿಯಲು, ಹಿಂಡಲು, ಚಮಚದಿಂದ ತೋಡಲು ಬರುವುದೆಲ್ಲ ದ್ರವದ ಸಾಲಿಗೇ ಸೇರುತ್ತದೆ. ತುಪ್ಪ, ಜೋನಿಬೆಲ್ಲ, ಜೇನುತುಪ್ಪ, ಗೊಜ್ಜು, ಮೊಸರು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ ಎಲ್ಲವೂ ಒಂದೇ ಜಾತಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಇವುಗಳ ಒಂದೊಂದು ಡಬ್ಬಿಯೂ 100 ಮಿಲಿಲೀಟರ್ ಮೀರಬಾರದು, ಎಲ್ಲವೂ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ: ನೋಡುವುದು ಡಬ್ಬಿಯ ಅಳತೆಯನ್ನು, ಒಳಗೆ ಉಳಿದಿರುವುದನ್ನಲ್ಲ. 150 ಮಿಲಿಲೀಟರ್ ಟ್ಯೂಬಿನ ತಳದಲ್ಲಿ ಒಂದು ಹನಿ ಕ್ರೀಮ್ ಇದ್ದರೂ ಅದು 150ರ ಟ್ಯೂಬೇ.

ನ್ಯಾಯ ಯಾವುದು ಎಂದಿರಲ್ಲ, ಹೇಳುತ್ತೇನೆ. 2006ರ ಆಗಸ್ಟ್ 10ರಂದು ಬ್ರಿಟನ್ ಪೊಲೀಸರು ಒಂದು ಸಂಚನ್ನು ಬಯಲು ಮಾಡಿದರು. ಲಂಡನ್ನಿನಿಂದ ಅಟ್ಲಾಂಟಿಕ್ ದಾಟುವ ವಿಮಾನಗಳಿಗೆ ತಂಪು ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ದ್ರವ ಸಾಗಿಸುವುದು ಸಂಚುಕೋರರ ಯೋಜನೆ. ಅಂದು ಬೆಳಗ್ಗೆ ಅಲ್ಲಿ ಕೈಚೀಲವನ್ನೇ ಒಳಗೆ ಬಿಡಲಿಲ್ಲ. ಮಗುವಿನ ಹಾಲನ್ನು ತಾಯಂದಿರೇ ಕುಡಿದು ತೋರಿಸಬೇಕಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕ, ನವೆಂಬರ್‌ನಲ್ಲಿ ಯುರೋಪ್ 100 ಮಿಲಿಲೀಟರಿನ ಆಸುಪಾಸಿನ ಮಿತಿ ತಂದವು, ಉಳಿದ ಲೋಕ ಹಿಂಬಾಲಿಸಿತು. ನಮ್ಮ ಹಳೆಯ ಎಕ್ಸ್‌ರೇ ಯಂತ್ರ ಸಾವಯವ ವಸ್ತುವನ್ನೆಲ್ಲ ಕಿತ್ತಳೆ ಬಣ್ಣದಲ್ಲಿ, ಲೋಹವನ್ನು ನೀಲಿಯಲ್ಲಿ ತೋರಿಸುತ್ತದೆ. ನಿಮ್ಮ ಜೋನಿಬೆಲ್ಲವೂ ಕಿತ್ತಳೆ, ಸೋಪೂ ಕಿತ್ತಳೆ, ಕೆಲವು ಸ್ಫೋಟಕಗಳೂ ಕಿತ್ತಳೆಯೇ. ಪರದೆಯ ಮುಂದೆ ಕೂತವಳಿಗೆ ಡಬ್ಬಿಯ ಹಿಂದಿರುವ ನಿಮ್ಮ ಮುಖ ಕಾಣುವುದಿಲ್ಲ, ಕಿತ್ತಳೆಯ ಒಂದು ಗಡ್ಡೆ ಮಾತ್ರ ಕಾಣುತ್ತದೆ. ಸಾಲದ್ದಕ್ಕೆ, ನಾವು ಎಚ್ಚರವಾಗಿದ್ದೇವೆಯೇ ಎಂದು ಪರೀಕ್ಷಿಸಲು ಯಂತ್ರವೇ ನಡುನಡುವೆ ಯಾರದೋ ಚೀಲದ ಚಿತ್ರದೊಳಗೆ ಸುಳ್ಳು ಚಾಕು, ಸುಳ್ಳು ಬಾಂಬು ತೂರಿಸುತ್ತದೆ. ಅದನ್ನು ಗುರುತಿಸದೆ ಬಿಟ್ಟರೆ ನಮ್ಮ ಹೆಸರಿನ ಮುಂದೆ ಗೀಟು ಬೀಳುತ್ತದೆ. ಇಷ್ಟರ ನಡುವೆ "ನಮ್ಮ ಮನೆಯದೇ ತುಪ್ಪ" ಎಂಬ ಮಾತು ಯಾರ ಕಿವಿಗೂ ಹೋಗುವುದಿಲ್ಲ.

ಮುಂದಿನ ಸಲ ಮೂರನ್ನೂ ಚೆಕ್-ಇನ್ ಸೂಟ್‌ಕೇಸಿಗೆ ಹಾಕಿ. ಡಬ್ಬಿಯನ್ನು ಬಾಯಿಯ ತನಕ ತುಂಬಬೇಡಿ, ಒಂದು ಬೆರಳು ಜಾಗ ಬಿಡಿ. ಮುಚ್ಚಳದ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿ ತಿರುಪಿ, ಹೊರಗಿನಿಂದ ಟೇಪ್ ಸುತ್ತಿ, ಎರಡು ಚೀಲಗಳೊಳಗೆ ಒಂದರ ಮೇಲೊಂದು ಕಟ್ಟಿ, ಹಳೆಯ ಟವೆಲ್ಲಿನ ನಡುವೆ ಇಡಿ. ಮಿಡಿಗೆ ಗಾಜಿನ ಬಾಟಲಿ ಬೇಡ. ಸೀರೆಗಳಿಗೆ ಬೇರೆ ಸೂಟ್‌ಕೇಸ್ ಇರಲಿ. ಉಪ್ಪಿನಕಾಯಿಯ ಎಣ್ಣೆ ಮೊದಲು ಹುಡುಕಿಕೊಂಡು ಹೋಗುವುದು ರೇಷ್ಮೆಯನ್ನೇ. ಹಲಸಿನ ಹಪ್ಪಳ, ಒಣಗಿದ ತಿಂಡಿಗಳು ಕೈಚೀಲದಲ್ಲಿ ಧಾರಾಳವಾಗಿ ಬರಲಿ. ಮೈಸೂರು ಪಾಕಿನ ಪೆಟ್ಟಿಗೆಯೂ ಬರಬಹುದು, ಆದರೆ ಪರದೆಯ ಮೇಲೆ ಅದು ದಪ್ಪ ಇಟ್ಟಿಗೆಯ ಹಾಗೆ ಕಾಣುತ್ತದೆ. ಅಡಿಗಿಟ್ಟರೆ ಇಡೀ ಚೀಲ ಬಿಚ್ಚಿಸುತ್ತಾರೆ, ಮೇಲೆಯೇ ಇಡಿ.

ಪ್ರಶ್ನೆ: ವಿಮಾನ ಹತ್ತುವ ಗೇಟಿನವರೆಗೂ ಹೋಗಿದ್ದೆ. ಮೈಕಿನಲ್ಲಿ ನನ್ನ ಹೆಸರು ಕೂಗಿ ಕರೆದರು. ಚೆಕ್-ಇನ್ ಸೂಟ್‌ಕೇಸಿನಲ್ಲಿ ಪವರ್ ಬ್ಯಾಂಕ್ ಇತ್ತಂತೆ. ನಾಲ್ಕು ಜನರ ಮುಂದೆ ಬಟ್ಟೆ ಕೆದರಿ ಅದನ್ನು ತೆಗೆದೆ. ಕತ್ತರಿ ಕೈಚೀಲದಲ್ಲಿ ಬೇಡ ಎನ್ನುತ್ತಾರೆ, ಪವರ್ ಬ್ಯಾಂಕ್ ಸೂಟ್‌ಕೇಸಿನಲ್ಲಿ ಬೇಡ ಎನ್ನುತ್ತಾರೆ. ಒಂದು ನಿಲುವಿಗೆ ಬರಬಾರದೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನಿಲುವು ಒಂದೇ ಇದೆ, ಭಯ ಎರಡು. ಕತ್ತರಿಯ ಭಯ ಅದನ್ನು ಹಿಡಿಯುವ ಮನುಷ್ಯನದು. ಆದ್ದರಿಂದ ಅದು ಮನುಷ್ಯನಿಂದ ದೂರ, ಕೆಳಗಿನ ಸರಕು ಕೋಣೆಯಲ್ಲಿರಬೇಕು. ಪವರ್ ಬ್ಯಾಂಕಿನ ಭಯ ಬೆಂಕಿಯದು. ಲಿಥಿಯಂ ಬ್ಯಾಟರಿ ಕಾದು ಹೊತ್ತಿಕೊಂಡರೆ ಸುಲಭಕ್ಕೆ ಆರುವುದಿಲ್ಲ. ಕ್ಯಾಬಿನ್ನಿನಲ್ಲಾದರೆ ಗಗನಸಖಿಯರು ನೀರು ಸುರಿದು ನಿಭಾಯಿಸುತ್ತಾರೆ, ಕೆಳಗೆ ಸೂಟ್‌ಕೇಸುಗಳ ರಾಶಿಯ ನಡುವೆ ಹೊತ್ತಿಕೊಂಡರೆ ಅಲ್ಲಿಗೆ ಹೋಗುವವರು ಯಾರು? ಹಾಗಾಗಿ ಅದು ಕೈಚೀಲದಲ್ಲೇ ಇರಬೇಕು. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್‌ಹೇ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನವೊಂದು ಹಾರುವ ಮೊದಲೇ ಸುಟ್ಟುಹೋಯಿತು. ತಲೆಯ ಮೇಲಿನ ಸಾಮಾನು ಗೂಡಿನಲ್ಲಿದ್ದ ಪವರ್ ಬ್ಯಾಂಕಿನ ಮೇಲೆ ಅನುಮಾನ ಬಿತ್ತು. ಅದಾದ ಮೇಲೆ ಹಲವು ಸಂಸ್ಥೆಗಳು ನಿಯಮ ಬಿಗಿ ಮಾಡಿವೆ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಒಂದೇ ಪವರ್ ಬ್ಯಾಂಕ್ ಒಯ್ಯಲು ಬಿಡುತ್ತದೆ, ವಿಮಾನದಲ್ಲಿ ಅದನ್ನು ಬಳಸಲು ಬಿಡುವುದಿಲ್ಲ. ನಿಮ್ಮದನ್ನೂ ಮೇಲಿನ ಗೂಡಿಗೆ ತುರುಕದೆ ಕಾಲ ಬಳಿಯ ಚೀಲದಲ್ಲಿಟ್ಟುಕೊಳ್ಳಿ.

ನೀವು ಎಂಜಿನಿಯರಿಂಗ್ ಓದುವವರು, ಲೆಕ್ಕ ನೀವೇ ಮಾಡಬಹುದು. ಮಿಲಿ ಆಂಪಿಯರ್ ಅವರ್ ಸಂಖ್ಯೆಯನ್ನು ವೋಲ್ಟಿನಿಂದ ಗುಣಿಸಿ 1000ದಿಂದ ಭಾಗಿಸಿದರೆ ವ್ಯಾಟ್ ಅವರ್ ಬರುತ್ತದೆ. 20,000ದ ಪವರ್ ಬ್ಯಾಂಕ್ 3.7 ವೋಲ್ಟಿನಲ್ಲಿ 74 ವ್ಯಾಟ್ ಅವರ್. ನೂರರವರೆಗೆ ತಕರಾರಿಲ್ಲ, ನೂರರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದರ ಮೇಲೆ ಪ್ರಯಾಣಿಕರಿಗೆ ಇಲ್ಲ. ಮೇಲಿನ ಅಕ್ಷರ ಅಳಿಸಿಹೋದ ಅಗ್ಗದ ಪವರ್ ಬ್ಯಾಂಕ್ ಎಷ್ಟೇ ಚಿಕ್ಕದಿದ್ದರೂ ತಡೆಯಬಹುದು, ಅಳತೆ ಓದಲಾಗದ ವಸ್ತುವಿಗೆ ಯಾರೂ ಜವಾಬು ಕೊಡುವುದಿಲ್ಲ.

ಪ್ರಶ್ನೆ: ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿದೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಕಳೆದ ಪ್ರಯಾಣದಲ್ಲಿ ಲೋಹಶೋಧಕ ಚೌಕಟ್ಟು ದಾಟುತ್ತಲೇ ಯಂತ್ರ ಕೂಗಿತು. ಎಲ್ಲರೂ ತಿರುಗಿ ನೋಡಿದರು. ಜೀವಮಾನವಿಡೀ ಮಕ್ಕಳಿಗೆ ಪಾಠ ಹೇಳಿದವಳು ಕಳ್ಳಿಯ ಹಾಗೆ ನಿಂತೆ. ಮತ್ತೆ ವಿಮಾನ ಹತ್ತಲೇ ಮನಸ್ಸಿಲ್ಲ.
– ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಟೀಚರ್, ಈ ಪತ್ರವನ್ನು ಎರಡು ಸಲ ಓದಿದೆ. ಯಂತ್ರ ಕೂಗಿದ್ದು ನಿಮ್ಮ ಮೊಣಕಾಲಿನ ಲೋಹಕ್ಕೆ, ಅದು ಅದರ ಕೆಲಸ. ಎಲ್ಲರ ಎದುರು ನಿಮ್ಮನ್ನು ನಿಲ್ಲಿಸಿದ್ದು ಮನುಷ್ಯರ ಕೆಲಸ, ಅದನ್ನು ನಾನು ಒಪ್ಪುವುದಿಲ್ಲ. ಹೊಸ ಹುಡುಗಿಯರಿಗೆ ತರಬೇತಿ ಕೊಡುವಾಗ ಒಂದು ಮಾತು ಹೇಳುತ್ತಿದ್ದೆ: ಕೈಯಲ್ಲಿ ಶೋಧಕ ಹಿಡಿದ ಮಾತ್ರಕ್ಕೆ ನಿಮ್ಮ ಅಮ್ಮನ ವಯಸ್ಸಿನವರನ್ನು "ಕೈ ಎತ್ತಿ" ಎಂದು ಗದರುವ ಅಧಿಕಾರ ಬರುವುದಿಲ್ಲ. ಕೇಳಿಸಿಕೊಂಡವರೂ ಇದ್ದರು, ಕೇಳಿಸಿಕೊಳ್ಳದವರೂ ಇದ್ದರು. ಸಾಲು ಉದ್ದವಾದಷ್ಟೂ ನಾಲಿಗೆ ಮೊಂಡಾಗುತ್ತದೆ. ಅದು ಕಾರಣ, ಸಮರ್ಥನೆಯಲ್ಲ.

ಮುಂದೆ ಹೀಗೆ ಮಾಡಿ. ಚೌಕಟ್ಟಿನ ಒಳಗೆ ಕಾಲಿಡುವ ಮೊದಲೇ "ಎರಡೂ ಮೊಣಕಾಲಿನಲ್ಲಿ ಲೋಹ ಇದೆ" ಎಂದು ಸ್ಪಷ್ಟವಾಗಿ, ತರಗತಿಯಲ್ಲಿ ಹೇಳುತ್ತಿದ್ದ ದನಿಯಲ್ಲೇ ಹೇಳಿ. ವೈದ್ಯರು ಕೊಟ್ಟ ಕಾರ್ಡ್ ತೋರಿಸಿ. ಕಾರ್ಡಿನಿಂದ ತಪಾಸಣೆ ತಪ್ಪುವುದಿಲ್ಲ, ಆದರೆ ಅನುಮಾನದ ದೃಷ್ಟಿ ತಪ್ಪುತ್ತದೆ. ನಮ್ಮ ದೇಶದಲ್ಲಿ ಮಹಿಳೆಯರನ್ನು ಪರದೆಯ ಒಳಗೆ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡಬೇಕು. ಅದೂ ಮುಜುಗರ ಎನಿಸಿದರೆ ಪ್ರತ್ಯೇಕ ಕೋಣೆ ಬೇಕೆಂದು ಕೇಳಿ, ಜೊತೆಗೆ ಮನೆಯವರೊಬ್ಬರಿರಲಿ ಎಂದೂ ಕೇಳಿ. ನಿಲ್ಲಲು ಕಷ್ಟವಾದರೆ ಟಿಕೆಟ್ ಕಾಯ್ದಿರಿಸುವಾಗಲೇ ಗಾಲಿಕುರ್ಚಿ ಬೇಕೆಂದು ನಮೂದಿಸಿ; ಅದರಲ್ಲಿ ಕೂರಲು ಸಂಕೋಚ ಬೇಡ. ಎದೆಯಲ್ಲಿ ಪೇಸ್‌ಮೇಕರ್ ಇರುವವರೂ ಈ ಪತ್ರ ಓದುತ್ತಿದ್ದರೆ, ಅವರು ಮೊದಲೇ ತಿಳಿಸಿ ಕೈಯಿಂದ ತಪಾಸಣೆ ಮಾಡಲು ಹೇಳಬೇಕು, ಶೋಧಕವನ್ನು ಎದೆಯ ಮೇಲೆ ಹಿಡಿದು ನಿಲ್ಲಿಸಿಕೊಳ್ಳಬಾರದು.

ಇನ್ಸುಲಿನ್ ಎಂದಿಗೂ ಸೂಟ್‌ಕೇಸಿಗೆ ಹೋಗಬಾರದು. ಕೆಳಗಿನ ಚಳಿಗೆ ಅದು ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕಿಲ್ಲ. ಪ್ರಯಾಣಕ್ಕೆ ಬೇಕಾದ ಔಷಧಿಗೆ 100 ಮಿಲಿಲೀಟರಿನ ಮಿತಿ ಅನ್ವಯಿಸುವುದಿಲ್ಲ. ವೈದ್ಯರ ಚೀಟಿಯಲ್ಲಿ ನಿಮ್ಮ ಹೆಸರು ಟಿಕೆಟಿನಲ್ಲಿರುವಂತೆಯೇ ಇರಲಿ. ಪೆನ್ನು, ಸೂಜಿ, ಔಷಧಿ ಮೂರೂ ಒಂದೇ ಚೀಲದಲ್ಲಿರಲಿ, ಟ್ರೇಯಲ್ಲಿ ಪ್ರತ್ಯೇಕವಾಗಿ ಇಡಿ. ಮತ್ತೆ ವಿಮಾನ ಹತ್ತಿ ಟೀಚರ್.

ಪ್ರಶ್ನೆ: ನಮ್ಮ ಯಕ್ಷಗಾನ ತಂಡಕ್ಕೆ ಬಹ್ರೇನಿನಲ್ಲಿ ಆಟ ನಿಶ್ಚಯವಾಗಿದೆ. ಮರದ ಖಡ್ಗ, ಬಿಲ್ಲು ಬಾಣ, ಗದೆ, ಬಣ್ಣದ ಪೆಟ್ಟಿಗೆ ಇವನ್ನೆಲ್ಲ ಹೇಗೆ ಒಯ್ಯುವುದು? ಖಡ್ಗ ಬರೀ ಮರ, ಮೇಲೆ ಬೇಗಡೆ ಹಚ್ಚಿದ್ದು.
– ಕಲಾವಿದ, ಉಡುಪಿ

ಉತ್ತರ: ಆಯುಧದಂತೆ ಕಾಣುವುದೆಲ್ಲ ಕ್ಯಾಬಿನ್ನಿಗೆ ಆಯುಧವೇ, ಮಕ್ಕಳ ಪ್ಲಾಸ್ಟಿಕ್ ಪಿಸ್ತೂಲಿಗೂ ಇದೇ ಮಾತು. ಭೀಮನ ಗದೆ ಎಷ್ಟೇ ಹಗುರವಿದ್ದರೂ ಸರಕಿನ ಕೋಣೆಗೇ ಹೋಗಲಿ. ಪೆಟ್ಟಿಗೆಯೊಳಗೆ ವೇಷದ ಒಂದು ಫೋಟೊ, ಕಾರ್ಯಕ್ರಮದ ಆಮಂತ್ರಣ ಪತ್ರ, ವಸ್ತುಗಳ ಪಟ್ಟಿ ಮೇಲುಗಡೆಯೇ ಇರಲಿ. ಬಿಚ್ಚಿದವನಿಗೆ ಒಮ್ಮೆಲೇ ಅರ್ಥವಾಗಬೇಕು. ಬಣ್ಣದ ಪುಡಿಗಳನ್ನು ಹಳೆಯ ಬಿಸ್ಕತ್ತು ಡಬ್ಬಿಗಳಲ್ಲಿ ತುಂಬುವ ಅಭ್ಯಾಸ ಬಿಡಿ. ಹೆಸರು ಬರೆಯದ ಡಬ್ಬಿಯಲ್ಲಿ ಬಿಳಿ ಪುಡಿ ಕಂಡರೆ ಯಾವ ದೇಶದ ಅಧಿಕಾರಿಯೂ ನಗುವುದಿಲ್ಲ.

ನೀವು ಕೇಳದ ಎರಡು ವಸ್ತುಗಳು ನಿಮ್ಮ ಪೆಟ್ಟಿಗೆಯಲ್ಲಿ ಖಂಡಿತ ಇರುತ್ತವೆ. ಒಂದು, ಮೀಸೆ ಅಂಟಿಸುವ ಸ್ಪಿರಿಟ್ ಗಮ್. ಅದು ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ಇನ್ನೊಂದು, ಚೌಕಿ (ವೇಷ ಕಟ್ಟುವ ಕೋಣೆ) ಪೂಜೆಯ ಕರ್ಪೂರ ಮತ್ತು ಬೆಂಕಿಪೊಟ್ಟಣ. ಇವು ಕೈಚೀಲದಲ್ಲೂ ಬೇಡ, ಪೆಟ್ಟಿಗೆಯಲ್ಲೂ ಬೇಡ. ಕರೆಸಿದ ಸಂಘದವರಿಗೆ ಮುಂಚೆಯೇ ಹೇಳಿದರೆ ಅಲ್ಲಿಯೇ ತಂದಿಡುತ್ತಾರೆ. ಗಣಪತಿ ತುಪ್ಪದ ಬತ್ತಿಗೂ ಒಲಿಯುತ್ತಾನೆ.

ಪ್ರಶ್ನೆ: ದೆಹಲಿಯಲ್ಲಿರುವ ಮಗನಿಗೆ ನಮ್ಮ ತೋಟದ ಉಂಡೆ ಕೊಬ್ಬರಿ ಒಯ್ಯಲು ಬಿಡಲಿಲ್ಲ. ಆದರೆ ಶಬರಿಮಲೆಗೆ ಹೋಗುವವರು ಇರುಮುಡಿಯಲ್ಲಿ ತೆಂಗಿನಕಾಯಿಯನ್ನೇ ಒಯ್ದರಂತೆ. ಇದೇಕೆ ಭೇದ?
– ರೈತ, ತಿಪಟೂರು

ಉತ್ತರ: ತಿಪಟೂರಿನವರಿಗೆ ಕೊಬ್ಬರಿ ಬೇಡ ಎನ್ನುವುದು ನನಗೂ ಕಷ್ಟವೇ. ಒಣಗಿದ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ರಾಶಿಯಾಗಿದ್ದಾಗ ತನ್ನಷ್ಟಕ್ಕೇ ಕಾಯುವ ಗುಣ ಅದಕ್ಕಿದೆ. ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ಸಾಲಿನಲ್ಲೇ ಜಾಗ. ಗೋದಾಮಿನಲ್ಲಿ ಕೊಬ್ಬರಿ ಬಿಸಿಯೇರುವುದನ್ನು ನೀವೇ ನೋಡಿರುತ್ತೀರಿ. ಹಸಿ ತೆಂಗಿನಕಾಯಿಗೆ ಆ ಗುಣವಿಲ್ಲ. ಅದನ್ನೂ ಕ್ಯಾಬಿನ್ನಿಗೆ ಬಿಡುತ್ತಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಶಬರಿಮಲೆ ಯಾತ್ರಿಕರ ಇರುಮುಡಿಗೆ ಮಾತ್ರ, 2025ರ ಜನವರಿ 20ರವರೆಗೆ, ಎಕ್ಸ್‌ರೇ ಮತ್ತು ಸ್ಫೋಟಕ ಪತ್ತೆ ಪರೀಕ್ಷೆ ಮಾಡಿ ಬಿಡಲು ಒಪ್ಪಿತು. ಅದು ಆ ಯಾತ್ರೆಯ ಅವಧಿಗೆ ಕೊಟ್ಟ ವಿನಾಯಿತಿ, ಮಾಲೆ ಹಾಕಿದವರು ಆಯಾ ವರ್ಷದ ಆದೇಶ ವಿಚಾರಿಸಿ ಹೊರಡಲಿ. ನಿಮ್ಮ ಕೊಬ್ಬರಿಯನ್ನು ನೆಲದ ದಾರಿಯಲ್ಲೇ ಕಳುಹಿಸಿ. ಕೊಬ್ಬರಿ ಮಿಠಾಯಿ ಮಾಡಿಸಿದರೆ ಕೈಚೀಲದಲ್ಲೇ ಒಯ್ಯಬಹುದು.

ಪ್ರಶ್ನೆ: ದುಬೈಗೆ ಹೊರಟಿದ್ದೇವೆ. ನಾದಿನಿ ಪಾಯಸಕ್ಕೆಂದು ಗಸಗಸೆ ತರಲು ಹೇಳಿದ್ದಾಳೆ.
– ಓದುಗರು, ಮಂಡ್ಯ

ಉತ್ತರ: ಬೇಡ. ಕೈಚೀಲದಲ್ಲಿ, ಸೂಟ್‌ಕೇಸಿನಲ್ಲಿ, ಮಸಾಲೆಯಲ್ಲಿ ಬೆರೆಸಿ, ಯಾವ ರೂಪದಲ್ಲೂ ಬೇಡ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಸಿಂಗಪುರದಲ್ಲೂ ನಿಷಿದ್ಧ. ನಮ್ಮ ತಪಾಸಣೆಯಲ್ಲಿ ಪಾಸಾದರೂ ಇಳಿದ ಮೇಲೆ ಜೈಲು ಸೇರಬೇಕಾದೀತು. ನಾದಿನಿಗೆ ಹೆಸರುಬೇಳೆ ಪಾಯಸ ಮಾಡಲು ಹೇಳಿ.

ಪ್ರಶ್ನೆ: ಡಲ್ಲಾಸಿನಲ್ಲಿದ್ದಾಗ ನನ್ನ ತಂದೆ ತೀರಿಕೊಂಡರು. ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಡಬೇಕು. ಅದನ್ನು ಸೂಟ್‌ಕೇಸಿನಲ್ಲಿ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಜೊತೆಯಲ್ಲೇ ಒಯ್ಯಬಹುದೇ?
– ಓದುಗರು, ಡಲ್ಲಾಸ್

ಉತ್ತರ: ಒಯ್ಯಬಹುದು, ಜೊತೆಯಲ್ಲೇ ಒಯ್ಯಿರಿ. ಒಂದೇ ತೊಡಕು ಪಾತ್ರೆಯದು. ತಾಮ್ರ, ಹಿತ್ತಾಳೆಯ ದಪ್ಪ ಕಲಶವನ್ನು ಎಕ್ಸ್‌ರೇ ತೂರುವುದಿಲ್ಲ. ಒಳಗೇನಿದೆ ಎಂದು ಕಾಣದಿದ್ದರೆ ಬಿಡುವುದಿಲ್ಲ. ಅಮೆರಿಕದ ಭದ್ರತಾ ಸಿಬ್ಬಂದಿ ಮೃತರ ಮೇಲಿನ ಗೌರವಕ್ಕೆ ಅಸ್ಥಿಯ ಪಾತ್ರೆಯನ್ನು ನೀವೇ ಕೇಳಿಕೊಂಡರೂ ತೆರೆಯುವುದಿಲ್ಲ. ಹಾಗಾಗಿ ತೆರೆದು ತೋರಿಸುತ್ತೇನೆ ಎಂಬ ದಾರಿಯೂ ಮುಚ್ಚಿದಂತೆ. ಮರದ ಅಥವಾ ಪ್ಲಾಸ್ಟಿಕ್ಕಿನ ಪೆಟ್ಟಿಗೆ ತೆಗೆದುಕೊಳ್ಳಿ, ಕಲಶವನ್ನು ಊರಿನಲ್ಲಿ ಕೊಂಡರಾಯಿತು. ಮರಣ ಪ್ರಮಾಣಪತ್ರ, ದಹನ ಮಾಡಿದವರು ಕೊಟ್ಟ ಪತ್ರ, ಭಾರತೀಯ ದೂತಾವಾಸದ ಒಪ್ಪಿಗೆ ಪತ್ರ, ಇವುಗಳ ಮೂಲ ಪ್ರತಿಗಳು ನಿಮ್ಮ ಕೈಯಲ್ಲಿರಲಿ, ಒಂದು ಜೊತೆ ನಕಲು ಬೇರೆ ಕಡೆ ಇರಲಿ. ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ. ತಪಾಸಣೆಯ ಸಾಲಿನಲ್ಲಿ ಟ್ರೇಗೆ ಇಡುವ ಮೊದಲು ಒಂದೇ ವಾಕ್ಯದಲ್ಲಿ ಹೇಳಿ. ಬೆಲ್ಟಿನ ಹಿಂದೆ ನಿಂತವರೂ ಮನೆಮಠ ಇದ್ದವರೇ. ಇಂಥ ಪೆಟ್ಟಿಗೆ ಬಂದಾಗ ನಮ್ಮ ಕಡೆ ಎರಡೂ ಕೈಯಲ್ಲಿ ಎತ್ತಿ ಕೊಡುವುದನ್ನು ಯಾರೂ ಯಾರಿಗೂ ಕಲಿಸಿರಲಿಲ್ಲ.

ಪ್ರಶ್ನೆ: ಎಡಿನ್‌ಬರೋ ನಿಲ್ದಾಣದಲ್ಲಿ ಎರಡು ಲೀಟರ್‌ವರೆಗೆ ದ್ರವ ಬಿಡುತ್ತಾರೆ, ಲ್ಯಾಪ್‌ಟಾಪ್ ಹೊರತೆಗೆಯಲೂ ಹೇಳುವುದಿಲ್ಲ. ಉಳಿದವರು ಏಕೆ ಇನ್ನೂ ಹಳೆಯ ಕಾಲದಲ್ಲಿದ್ದಾರೆ?
– ಸಾಫ್ಟ್‌ವೇರ್ ಉದ್ಯೋಗಿ, ಸ್ಕಾಟ್ಲೆಂಡ್

ಉತ್ತರ: ಅಲ್ಲಿ 2025ರ ಜುಲೈಯಿಂದ ಹಾಗಿದೆ. ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡುವಂತೆ ಚೀಲವನ್ನು ಎಲ್ಲ ಕಡೆಯಿಂದ ನೋಡಿ, ವಸ್ತುವಿನ ಸಾಂದ್ರತೆ ಅಳೆಯುವ ಯಂತ್ರ ಅದು. ಬೆಲೆಯೂ ಭಾರಿ, ತೂಕವೂ ಭಾರಿ. ಕೆಲವು ಹಳೆಯ ಕಟ್ಟಡಗಳಲ್ಲಿ ನೆಲವನ್ನೇ ಬಲಪಡಿಸಬೇಕಾಗುತ್ತದೆ. ಎಲ್ಲ ಕಡೆ ಬರುವುದು ನಿಧಾನ. ಅಲ್ಲಿಯವರೆಗೆ ನಿಮ್ಮ ಪ್ರಯಾಣದ ಅತಿ ಬಿಗಿಯಾದ ನಿಲ್ದಾಣ ಯಾವುದೋ ಅದರ ನಿಯಮಕ್ಕೆ ಚೀಲ ಕಟ್ಟಿ. ಎಡಿನ್‌ಬರೋದಲ್ಲಿ ಬಿಟ್ಟ ಒಂದು ಲೀಟರ್ ಶಾಂಪೂವನ್ನು ನಡುವೆ ವಿಮಾನ ಬದಲಿಸುವ ಊರಿನಲ್ಲಿ ಕಿತ್ತುಕೊಳ್ಳಬಹುದು. ಡ್ಯೂಟಿ ಫ್ರೀ ಬಾಟಲಿಗೂ ಹೀಗೆಯೇ: ಮೊಹರು ಮಾಡಿದ ಚೀಲವನ್ನು ಮನೆ ತಲುಪುವವರೆಗೆ ಬಿಚ್ಚಬೇಡಿ, ರಸೀದಿ ಒಳಗೇ ಇರಲಿ.

ಪ್ರಶ್ನೆ: ಎಂ.ಎಸ್. ಓದಲು ಬಾಸ್ಟನ್‌ಗೆ ಹೊರಟಿದ್ದೇನೆ. ಅಮ್ಮ ಚಟ್ನಿಪುಡಿ, ಹುಳಿಪುಡಿ, ಮೆಂತ್ಯದ ಹಿಟ್ಟು, ಕರಿಬೇವು ಕಟ್ಟಿಕೊಡುತ್ತಿದ್ದಾರೆ. ಸೂಟ್‌ಕೇಸ್ ತೂಕ ಮೀರಿದ್ದರಿಂದ ಪುಡಿಗಳನ್ನು ಕೈಚೀಲಕ್ಕೆ ಹಾಕೋಣ ಎನ್ನುತ್ತಾರೆ.
– ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಅಮ್ಮನ ಉಪಾಯ ಮುಂಬೈಗೆ ಹೋಗುವುದಿದ್ದರೂ ಅನುಮಾನವೇ, ಖಾರದ ಪುಡಿಯನ್ನು ನಮ್ಮಲ್ಲಿ ಕ್ಯಾಬಿನ್ನಿಗೆ ಬಿಡುವುದಿಲ್ಲ. ಯಾರದಾದರೂ ಕಣ್ಣಿಗೆ ಎರಚಿದರೆ ಏನಾಗುತ್ತದೆ ಎಂದು ಯೋಚಿಸಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 2018ರ ಜೂನ್ 30ರಿಂದ ಇನ್ನೊಂದು ನಿಯಮವಿದೆ: ಕೈಚೀಲದಲ್ಲಿ 350 ಮಿಲಿಲೀಟರಿಗಿಂತ, ಅಂದರೆ ಸುಮಾರು ಒಂದು ತಂಪು ಪಾನೀಯದ ಡಬ್ಬಿಗಿಂತ ಹೆಚ್ಚಿನ ಪುಡಿ ಇದ್ದರೆ ಹೆಚ್ಚುವರಿ ತಪಾಸಣೆ, ಸಮಾಧಾನವಾಗದಿದ್ದರೆ ಪುಡಿ ಅಲ್ಲಿಯೇ ಉಳಿಯುತ್ತದೆ. ಪುಸ್ತಕ, ಸ್ವೆಟರ್, ಚಾರ್ಜರ್‌ಗಳನ್ನು ಕೈಚೀಲಕ್ಕೆ ತಂದು ಪುಡಿಗಳನ್ನು ಸೂಟ್‌ಕೇಸಿಗೆ ಕಳುಹಿಸಿ. ದಪ್ಪ ಜಾಕೆಟನ್ನು ತೊಟ್ಟುಕೊಂಡೇ ಹತ್ತಿ, ಮೈಮೇಲಿನ ಬಟ್ಟೆಯನ್ನು ಯಾರೂ ತೂಗುವುದಿಲ್ಲ.

ಕರಿಬೇವು ಬಿಟ್ಟುಬಿಡಿ. ಇದು ಭದ್ರತೆಯ ಮಾತಲ್ಲ, ಅಲ್ಲಿನ ಕೃಷಿ ಇಲಾಖೆಯದು. ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಮಾಡುವ ರೋಗ ಹರಡುವ ಕೀಟ ಕರಿಬೇವಿನ ಎಲೆಯಲ್ಲೂ ಬದುಕುತ್ತದೆ. ಉಳಿದ ತಿನಿಸುಗಳಿವೆ ಎಂದು ಇಳಿದಾಗ ಅಧಿಕಾರಿಗೆ ನೀವಾಗಿಯೇ ಹೇಳಿ. ಹೇಳಿದ ಮೇಲೆ ಬೇಡವೆಂದರೆ ವಸ್ತು ಹೋಗುತ್ತದೆ ಅಷ್ಟೆ. ಹೇಳದೆ ಸಿಕ್ಕಿಬಿದ್ದರೆ ದಂಡ ಡಾಲರಿನಲ್ಲಿ.